ಮೂಲೆಯ ಕೆಂಪು ದಾರ

ತಿರುಪ್ಪೂರು ಪಕ್ಕದ ಅವಿನಾಶಿಯ ಪವರ್‌ಲೂಮ್ ಬೀದಿಗೆ ಹೋಗಿ ಕುಪ್ಪಮ್ಮನ ಮನೆ ಯಾವುದು ಅಂತ ಕೇಳಿ ನೋಡಿ. ಯಾರೂ ಬಾಗಿಲ ನಂಬರು ಹೇಳುವುದಿಲ್ಲ. "ಮೆತ್ತೆ ಹೊಲೀತಾಳಲ್ಲ, ಮಹಡಿಗೆ ಎರಡು ಕೊಡ ನೀರು ಸುರಿದು ಅದರ ಮೇಲೆ ಮಲಗ್ತಾಳಲ್ಲ, ಆ ಹುಚ್ಚಮ್ಮನ ಮನೆ ತಾನೇ?" ಅಂತ ತಮಿಳಿನಲ್ಲಿ ಹೇಳಿ, ನಗುತ್ತಾ ಕೈ ತೋರಿಸುತ್ತಾರೆ. ನಗಲಿ ಬಿಡಿ. ನಗುವವರ ಮನೆಯಲ್ಲೂ ಮುದುಕರ ಕೆಳಗೆ ಹಾಸಿರುವುದು ಕುಪ್ಪಮ್ಮನ ಮೆತ್ತೆಯೇ.

ಐವತ್ತಾರು ವರ್ಷದ ಹೆಂಗಸು. ತವರು ಕಿಣತ್ತುಕಡವು ಪಕ್ಕದ ಹಳ್ಳಿ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆ ನಿಂತ ಕನ್ನಡದ ಒಕ್ಕಲು ಮನೆ. ಆ ಮನೆಯಲ್ಲಿ ಯಾರಿಗೂ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಆದರೆ ಹೊಸಿಲು ದಾಟಿ ಒಳಗೆ ಬಂದರೆ ಮಾತು ಕನ್ನಡವೇ. ಬೀದಿಗೆ ಇಳಿದರೆ ತಮಿಳು. ಇನ್ನೊಂದು ಅಭ್ಯಾಸ ಉಂಟು: ಹೊರಗಿನವರು ಎದುರಿಗೆ ಕೂತಿರುವಾಗ ಮನೆಯ ಗುಟ್ಟು ಆಡಬೇಕಾದರೆ ಕನ್ನಡದಲ್ಲಿ ಆಡಿಬಿಡುವುದು. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಾ ಕಡೆಯೂ. ಎದುರಿಗಿದ್ದವರಿಗೆ ತಿಳಿಯುವುದಿಲ್ಲ ಅಂತ ಅಷ್ಟು ಧೈರ್ಯ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಕುಪ್ಪಮ್ಮನ ಅಪ್ಪ ಕುರಿ ಸಾಕುತ್ತಿದ್ದ. ಬೆಳೆ ಕಟಾವಾದ ಮೇಲೆ ಗೊಬ್ಬರಕ್ಕಾಗಿ ಬೇರೆಯವರ ಹೊಲದಲ್ಲಿ ಕುರಿ ಪಟ್ಟಿ ಹಾಕಿ, ಅಂದರೆ ರಾತ್ರಿ ಮಂದೆ ಕೂಡಿ, ಪಕ್ಕದಲ್ಲೇ ಟಾರ್ಪಾಲಿನ ಗುಡಾರ ಕಟ್ಟಿಕೊಂಡು ಮಲಗುವುದು. ಮಾರ್ಗಳಿ ತಿಂಗಳ ಪನಿ, ಅದೇ ನಿಮ್ಮ ಮಂಜು, ಟಾರ್ಪಾಲಿನಿಂದ ತೊಟ್ಟಿಕ್ಕುತ್ತಿತ್ತು. ಹತ್ತು ವರ್ಷದ ಕುಪ್ಪಮ್ಮ ಅಪ್ಪನ ಬೆನ್ನಿಗೆ ಅಂಟಿಕೊಂಡು ಮಲಗಿ ಕಲಿತ ಪಾಠಗಳೆಲ್ಲ ಚಳಿಯವೇ. "ಚಳಿ ಆಕಾಶದಿಂದ ಬರಲ್ಲ ಕಣ್ಣು, ನೆಲದಿಂದ ಬರುತ್ತೆ. ಮೇಲೆ ಒಂದು ಹೊದ್ದರೆ ಕೆಳಗೆ ಎರಡು ಹಾಸು," ಅನ್ನುತ್ತಿದ್ದ ಅಪ್ಪ; ಕಣ್ಣು ಅಂದರೆ ನಿಮ್ಮ ಕಂದ. ಕಂಬಳಿಯೊಳಗೆ ಮುಖ ಹುದುಗಿಸಿದರೆ ಬೈಯುತ್ತಿದ್ದ. ಉಸಿರಿನ ಪಸೆ ಕಂಬಳಿಗೆ ಹಿಡಿದರೆ ಬೆಳಗಿನ ಹೊತ್ತಿಗೆ ಅದು ಒದ್ದೆ ಬಟ್ಟೆಗಿಂತ ಕಡೆ. ಹಗಲು ಬೆವರಿದ ಬಟ್ಟೆಯಲ್ಲಿ ಮಲಗಬಾರದು. ಮಲಗುವ ಮುಂಚೆ ಒಂದು ಹಿಡಿ ಕಡಲೆಕಾಯಿ, ಒಂದು ತುಂಡು ಬೆಲ್ಲ ತಿನ್ನಲೇಬೇಕು. ಹೊಟ್ಟೆಯೊಳಗೆ ಒಲೆ ಉರಿಯುತ್ತಿದ್ದರೆ ಕಾಲಿಗೂ ಬಿಸಿ. ಎಷ್ಟೇ ನಡುಗಿದರೂ ಗುಡಾರದೊಳಗೆ ಕೆಂಡ ತರಬಾರದು.

ಗೋಣಿಚೀಲ, ಹಳೇ ಸೀರೆ ಸೇರಿಸಿ ಅಪ್ಪನೇ ಮೆತ್ತೆ ಹೊಲಿಯುತ್ತಿದ್ದ. ಹೊಲಿದದ್ದನ್ನು ತಾನು ಒಂದು ರಾತ್ರಿ ಒದ್ದೆ ನೆಲದ ಮೇಲೆ ಹಾಸಿ ಮಲಗಿ ನೋಡುವನು. ಬೆಳಗ್ಗೆ ಬೆನ್ನು ಬೆಚ್ಚಗಿದ್ದರೆ ಮೂಲೆಗೆ ಒಂದು ಕೆಂಪು ದಾರ ಕಟ್ಟುವನು. ಇಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಯುವನು. ದಾರ ಇದ್ದ ಮೆತ್ತೆಯನ್ನು ಮಾತ್ರ ಬೇರೆಯವರಿಗೆ ಕೊಡುವುದು. ಬರೆದು ಕೊಡಲು ಬಾರದ ಮನುಷ್ಯನ ರುಜು ಅದು.

ಮದುವೆಯಾಗಿ ಕುಪ್ಪಮ್ಮ ಅವಿನಾಶಿಗೆ ಬಂದಳು. ಮಗಳು ಇಲಕ್ಕಿಯಾಗೆ ಐದು ವರ್ಷವಾಗಿದ್ದಾಗ ಗಂಡ ತೀರಿಕೊಂಡ. ಮದುವೆಯಾದ ವರ್ಷದಿಂದಲೇ, ಒಟ್ಟು ಮೂವತ್ತು ವರ್ಷ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಮಿಷನ್ ತುಳಿದಳು. ತಮಾಷೆ ನೋಡಿ, ಫ್ಯಾನ್ ಗಾಳಿಯೂ ಬಿಸಿಯಾಗುವ ಶೆಡ್ಡಿನಲ್ಲಿ ಕೂತು, ಹಿಮ ಬೀಳುವ ದೇಶದವರಿಗೆ ಉಣ್ಣೆಯಂಥ ಮೆತ್ತನೆ ಬಟ್ಟೆಯಲ್ಲಿ ಕೋಟು ಹೊಲಿಯುವುದು. ಸಂಜೆ ಕೆಲಸ ಮುಗಿಸಿ ಬರುವಾಗ ಆ ಕಟಿಂಗ್ ಚೂರುಗಳನ್ನು ತಂದು ಅಪ್ಪನ ಮೆತ್ತೆಯನ್ನೇ ಮಾಡತೊಡಗಿದಳು. ಐದು ಪದರ. ಎಲ್ಲಕ್ಕಿಂತ ಕೆಳಗೆ, ಪಸೆ ಏರದ ಹಾಗೆ, ಹಳೇ ಫ್ಲೆಕ್ಸ್ ಬ್ಯಾನರು, ಅದೇ, ಮದುವೆಗೂ ಕಿವಿ ಚುಚ್ಚುವುದಕ್ಕೂ ಬೀದಿ ತುಂಬಾ ಕಟ್ಟುತ್ತಾರಲ್ಲ, ಅದು. "ಅಯ್ಯೋ, ಯಾರದೋ ಮದುವೆ ಗಂಡಿನ ಮುಖದ ಮೇಲೆ ಮಲಗಿಸ್ತೀಯಲ್ಲ ಕುಪ್ಪಮ್ಮ," ಅಂತ ನೆರೆಯವರು ಕಾಡಿಸಿದರೆ, "ಮಲಗಿಕೊಳ್ಳಿ, ಅವನ ಹೆಂಡತಿಗೆ ಹೇಳಲ್ಲ," ಅನ್ನುತ್ತಿದ್ದಳು.

ಅಪ್ಪನ ಪದ್ಧತಿ ಮಾತ್ರ ಬಿಡಲಿಲ್ಲ. ಹೊಲಿದ ಪ್ರತಿ ಮೆತ್ತೆಯನ್ನೂ ಮಹಡಿಗೆ ಒಯ್ದು, ಎರಡು ಕೊಡ ನೀರು ಸುರಿದು, ಅದರ ಮೇಲೆ ಹಾಸಿ ಒಂದು ರಾತ್ರಿ ತಾನೇ ಮಲಗುವಳು. ಬೆಳಗ್ಗೆ ದಾರ. ಬಲಕ್ಕೆ ಮೂರು ಸುತ್ತು, ಒಳಗಿನಿಂದ ಒಂದು ಗಂಟು. ಅಪ್ಪ ಸತ್ತ ಮೇಲೆ ಆ ಗಂಟು ಹಾಕಲು ಬರುವವರು ಭೂಮಿಯ ಮೇಲೆ ಇಬ್ಬರೇ, ಕುಪ್ಪಮ್ಮ ಮತ್ತು ಅವಳ ಮಗಳು.

ಮಗಳಿಗೆ ಕಲಿಸಿದ್ದು ಒಂಬತ್ತನೇ ವರ್ಷಕ್ಕೆ. ಇಲಕ್ಕಿಯಾ ಎಡಗೈಯವಳು. ಎದುರಿಗೆ ಕೂರಿಸಿಕೊಂಡು ಎಷ್ಟು ತೋರಿಸಿದರೂ ದಾರ ಎಡಕ್ಕೇ ಸುತ್ತುತ್ತಿತ್ತು, ಗಂಟು ತಿರುಗಾಮುರುಗಾ ಬೀಳುತ್ತಿತ್ತು. ಹೋಗಲಿ ಅಂತ ಬಿಟ್ಟಳು. ಆ ಹುಡುಗಿ ಹಟ ಹಿಡಿದು ಒದ್ದೆ ಮಹಡಿಯ ಮೇಲೆ ಅಮ್ಮನ ಸ್ವಂತ ಮೆತ್ತೆ ಹಾಸಿ ಒಬ್ಬಳೇ ಒಂದು ರಾತ್ರಿ ಮಲಗಿ, ನೆಗಡಿ ತಂದುಕೊಂಡು, ಬೆಳಗ್ಗೆ ಅದಕ್ಕೆ ತಾನೇ ದಾರ ಕಟ್ಟಿದಳು. ಆ ಮೆತ್ತೆಯ ಮೇಲೆ ಕುಪ್ಪಮ್ಮ ಹದಿನೈದು ವರ್ಷದಿಂದ ಮಲಗುತ್ತಿದ್ದಾಳೆ. ಮೇಲುಹೊದಿಕೆ ಮೂರು ಸಲ ಬದಲಾಗಿದೆ, ಆ ದಾರದ ಮೂಲೆಯನ್ನು ಮಾತ್ರ ಕತ್ತರಿಸಿಲ್ಲ. ಮನೆಗೆ ಬಂದವರಿಗೆಲ್ಲ, "ನೋಡಿ, ನನ್ನ ಮಗಳ ಎಡಗೈ ಗಂಟು," ಅಂತ ತೋರಿಸುವಳು. ಇಲಕ್ಕಿಯಾಗೆ ಈಗ ಇಪ್ಪತ್ತನಾಲ್ಕು, ತಿರುಪ್ಪೂರಿನ ಒಂದು ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ.

ಇನ್ನು ತಮ್ಮ. ಸೆಂದಿಲ್ ಕುಮಾರ್. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವನು. ತಾಯಿ ಇಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಕುಪ್ಪಮ್ಮನೇ. ಮಾತಿನಲ್ಲಿ ಜೇನು ಸುರಿಸುತ್ತಾನೆ, ಮಾರಾಯ. ಎರಡು ವರ್ಷದ ಹಿಂದೆ ವಾಲ್ಪಾರೆಯಿಂದ ಮೇಲೆ, ಟೀ ತೋಟ ಮುಗಿಯುವ ಕಡೆ, ಗೆಳೆಯನ ಜಾಗದಲ್ಲಿ ಟೆಂಟ್ ಕ್ಯಾಂಪ್ ಶುರು ಮಾಡಿದ. ಬಿಸಿಲೂರಿನ ಜನ ಚಳಿ ನೋಡಲು ಬರುತ್ತಾರಂತೆ. ಪೊಂಗಲ್ ಹೊತ್ತಿಗೆ ಅಲ್ಲಿ ಬೆಳಗಿನ ಜಾವ ನಾಲ್ಕು ಡಿಗ್ರಿಗೆ ಇಳಿಯುತ್ತದೆ, ಹುಲ್ಲಿನ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಕೂರುತ್ತದೆ. ಮೊದಲ ವರ್ಷ ಬಂದವರು ನಡುಗಿ, ಬೈದು, ಅರ್ಧ ರಾತ್ರಿಗೇ ಕಾರು ಹತ್ತಿ ಇಳಿದು ಹೋಗಿದ್ದರು.

ಹೋದ ಐಪ್ಪಸಿಯಲ್ಲಿ, ಅದೇ ದೀಪಾವಳಿಯ ತಿಂಗಳಲ್ಲಿ, ಅಕ್ಕನ ಮನೆಗೆ ಬಂದು ಕಾಲ ಬಳಿ ಕೂತ. "ಅಕ್ಕ, ಅಪ್ಪನ ಮೆತ್ತೆ ಮಾಡಿಕೊಡು. ಮೂವತ್ತು ಟೆಂಟ್, ಅರವತ್ತು ಮೆತ್ತೆ. ಪೊಂಗಲ್ ರಜೆಗೆ ಬೇಕು."

ಕುಪ್ಪಮ್ಮ ಬೆರಳು ಮಡಚಿದಳು. ಹೊಲಿಯಲು ಎರಡು ದಿನ, ಮಲಗಲು ಒಂದು ರಾತ್ರಿ. "ಪೊಂಗಲ್‌ಗೆ ಇಪ್ಪತ್ತೈದು, ಇಪ್ಪತ್ತಾರು ಆಗಬಹುದು ಕಣ್ಣು. ಅರವತ್ತು ಆಗಲ್ಲ."

"ಮಲಗೋದು ಬಿಟ್ಟುಬಿಡು ಅಕ್ಕ. ಹೊಲಿಯೋಕೆ ನಾಲ್ಕು ಜನ ಇಡೋಣ."

"ಮಲಗದೆ ದಾರ ಹೇಗೆ ಕಟ್ಟಲಿ? ಬುದ್ಧಿ ಇದೆಯಾ ನಿನಗೆ?"

ಇಲಕ್ಕಿಯಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೆಂದಿಲ್ ಗೂಟದಲ್ಲಿ ತೂಗುತ್ತಿದ್ದ ಅಪ್ಪನ ಕಂಬಳಿಯನ್ನು ಮುಟ್ಟಿದ. "ಸರಿ ಅಕ್ಕ. ನೀನು ಎಷ್ಟು ಮೆತ್ತೆ ಕೊಡ್ತೀಯೋ ಅಷ್ಟೇ ಜನಕ್ಕೆ ಜಾಗ. ಅಪ್ಪನ ಕಂಬಳಿ ಮೇಲಾಣೆ." ಕುಪ್ಪಮ್ಮನಿಗೆ ಕಣ್ಣು ತುಂಬಿ ಬಂತು. ಆ ಕಂಬಳಿ ಮುಟ್ಟಿ ಆ ಮನೆಯಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ.

ಮೂರು ತಿಂಗಳು ಅವಳು ಮನುಷ್ಯರ ಹಾಗೆ ಮಲಗಲಿಲ್ಲ. ಹೊಲಿಯುವುದು, ಮಹಡಿ ಒದ್ದೆ ಮಾಡುವುದು, ಮಲಗುವುದು, ಎದ್ದು ಬೆನ್ನು ಮುಟ್ಟಿ ನೋಡುವುದು. ಮೂರು ಮೆತ್ತೆ ಸೋತವು. ಬಿಚ್ಚಿ ಮತ್ತೆ ಹೊಲಿದಳು. ಸೆಂದಿಲ್ ನಡುವೆ ಬಂದು ಇಪ್ಪತ್ತೆರಡು ಒಯ್ದ, ಅವಳು ಮೆತ್ತೆಯ ಮೇಲೆ ಮಲಗಿದ್ದ ಒಂದು ಫೋಟೋ ಕೂಡ ಹೊಡೆದುಕೊಂಡ. "ಥೂ, ಮುದುಕಿ ಫೋಟೋ ಯಾಕೋ," ಅಂದಳಾದರೂ ಸೆರಗು ಸರಿಮಾಡಿಕೊಂಡಳು.

ಉಳಿದ ನಾಲ್ಕು ಮುಗಿದದ್ದು ಬೋಗಿ ಹಬ್ಬದ ಹಿಂದಿನ ದಿನ. ಸೆಂದಿಲ್‌ಗೆ ಇಳಿದು ಬರಲು ಬಿಡುವಿಲ್ಲ. ತಾನೇ ಒಯ್ದುಕೊಟ್ಟು ಅವನನ್ನು ಬೆರಗು ಮಾಡೋಣ ಅಂತ ಕುಪ್ಪಮ್ಮ ನಾಲ್ಕನ್ನೂ ಎರಡು ಸುರುಳಿ ಮಾಡಿ ಬಸ್ ಹತ್ತಿದಳು. ಹುಟ್ಟಿದಾಗಿನಿಂದ ಚಳಿಗೆ ಹೊಲಿದವಳು, ನಿಜವಾದ ಮಲೆಯ ಚಳಿ ನೋಡಲು ಹೊರಟಿದ್ದು ಅದೇ ಮೊದಲು. ಪೊಳ್ಳಾಚಿಯಲ್ಲಿ ಕಂಡಕ್ಟರ್ ತಗಾದೆ ತೆಗೆದ, "ಏನಮ್ಮಾ, ಆಳನ್ನ ಸುತ್ತಿ ತಂದಿದ್ದೀಯಾ?" "ಇಲ್ಲಪ್ಪ, ನಿನ್ನ ಸುತ್ತೋಣ ಅಂತ ತಂದೆ, ಜಾಗ ಬಿಡು," ಅಂದಳು. ಬಸ್ಸೆಲ್ಲ ನಕ್ಕಿತು. ನಲವತ್ತು ತಿರುವು ಹತ್ತುವಾಗ ಮೂರು ಸಲ ವಾಂತಿ ಮಾಡಿಕೊಂಡರೂ ಅವಳ ಖುಷಿ ಕಡಿಮೆಯಾಗಲಿಲ್ಲ.

ಕ್ಯಾಂಪಿನ ಬಾಗಿಲಲ್ಲಿ ಜೀಪು ಇಳಿದಾಗ ನಾಲ್ಕು ಗಂಟೆ. ಎದುರಿಗೆ ಒಂದು ದೊಡ್ಡ ಫ್ಲೆಕ್ಸ್. ಅದರಲ್ಲಿ ಅವಳದೇ ಮುಖ, ಆಳೆತ್ತರಕ್ಕೆ. ಕೆಳಗೆ ತಮಿಳಿನಲ್ಲಿ ಬರೆದಿತ್ತು: 'ಕೆಂಪು ದಾರದ ಮೆತ್ತೆ. ನೀವು ಮಲಗುವ ಪ್ರತಿಯೊಂದರ ಮೇಲೂ ಕುಪ್ಪಮ್ಮ ಅಕ್ಕ ಮೊದಲು ಮಲಗಿ ನೋಡಿದ್ದಾರೆ.' ಅವಳು ಅದನ್ನು ಎರಡು ಸಲ ಓದಿದಳು. ಅಪ್ಪ ಇದ್ದಿದ್ದರೆ ಅಂದುಕೊಂಡಳು.

ಆಮೇಲೆ ಟೆಂಟ್‌ಗಳನ್ನು ಎಣಿಸಿದಳು. ಮೂವತ್ತು. ಮೂವತ್ತೂ ಎದ್ದು ನಿಂತಿದ್ದವು, ಎಲ್ಲದರ ಮುಂದೆಯೂ ಚಪ್ಪಲಿ, ಬ್ಯಾಗು. ಇಪ್ಪತ್ತೆರಡು ಮೆತ್ತೆಗೆ ಇಷ್ಟು ಜನ ಹೇಗೆ? ಅಡುಗೆಯ ಶರವಣನ್, ಸೆಂದಿಲ್ ಅಣ್ಣ ಹಾಲು ತರಲು ಹೋಗಿದ್ದಾರೆ, ಈಗ ಬರುತ್ತಾರೆ ಅಂದ.

ಮೊದಲ ಟೆಂಟಿನ ಮುಂದೆ ವಯಸ್ಸಾದ ಗಂಡ ಹೆಂಡತಿ ಕುರ್ಚಿ ಹಾಕಿಕೊಂಡು ಶುಂಠಿ ಕಾಫಿ ಕುಡಿಯುತ್ತಿದ್ದರು. ಕೊಯಮತ್ತೂರು ಆರ್.ಎಸ್. ಪುರಂನವರು; ಯಜಮಾನರ ಹೆಸರು ಪುರಂದರ, ಇಂಜಿನಿಯರಾಗಿ ರಿಟೈರಾದವರು. ಆಕೆ ಸುಂದರಮ್ಮ, ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು. ಸುಂದರಮ್ಮ ಫ್ಲೆಕ್ಸಿನ ಮುಖವನ್ನೂ ಎದುರಿಗೆ ನಿಂತ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, ತಮಿಳಿನಲ್ಲಿ, "ನೀವೇ ಅಲ್ವಾ ಅವರು!" ಅಂತ ಎದ್ದು ಬಂದು ಕೈ ಹಿಡಿದುಕೊಂಡರು. "ಮಗ ಟಿಕೆಟ್ ಮಾಡಿಕೊಟ್ಟ. ನನ್ನ ಮಂಡಿಗೆ ಚಳಿ ಆಗಲ್ಲ, ಬರಲ್ಲ ಅಂತಿದ್ದೆ. ಜಾಹೀರಾತಿನಲ್ಲಿ ಈ ದಾರದ ವಿಷಯ ಓದಿದ ಮೇಲೆ ಒಪ್ಪಿದೆ. ಒಬ್ಬ ಹೆಂಗಸು ಮೊದಲು ತಾನು ಮಲಗಿ ನೋಡ್ತಾಳೆ ಅಂದ್ರೆ, ನಾನೂ ಮಲಗಬಹುದು ಅಂತ."

ಕುಪ್ಪಮ್ಮ ಸೆರಗು ಎಳೆದುಕೊಂಡಳು. ನಾಚಿಕೊಂಡು ಟೆಂಟಿನೊಳಗೆ ಬಗ್ಗಿ, ಅವರ ಮೆತ್ತೆಯ ಮೇಲೆ ಕೂತಳು. ಕೂತವಳು ಬೆಚ್ಚಿದಳು. ಕೈ ಊರಿದರೆ ಕೆಳಗಿನ ಕಲ್ಲು ಕೈಗೆ ತಾಕುತ್ತಿತ್ತು. ಅಂಚು ಎತ್ತಿದಳು: ಫ್ಲೆಕ್ಸ್ ಇಲ್ಲ, ಪದರ ಇಲ್ಲ. ಬೆರಳು ದಪ್ಪದ ಒಂದು ಸ್ಪಂಜಿನ ಹಾಳೆ, ಮೇಲೆ ಬನಿಯನ್ ಬಟ್ಟೆಯ ಚೀಲ. ಮೂಲೆಯಲ್ಲಿ ಕೆಂಪು ದಾರ.

ಅಷ್ಟರಲ್ಲಿ ಸೆಂದಿಲ್ ಬಂದ. ಅಕ್ಕನನ್ನು ಕಂಡು ಮುಖ ಸುಣ್ಣವಾಯಿತು, ಮರುಕ್ಷಣ ನಗು ತಂದುಕೊಂಡ. ದಂಪತಿಗಳ ಕಡೆ ತಿರುಗಿ ತಮಿಳಿನಲ್ಲಿ "ನಮ್ಮ ಅಕ್ಕ ಸಾರ್!" ಅಂದ. ಅದೇ ನಗು ಮುಖದಲ್ಲಿ, ಅದೇ ರಾಗದಲ್ಲಿ, ಅಕ್ಕನಿಗೆ ಕನ್ನಡದಲ್ಲಿ ಹೇಳಿದ: "ಅಕ್ಕ, ಈಗ ಬಾಯಿ ಬಿಡಬೇಡ. ಬುಕಿಂಗ್ ತುಂಬಿಹೋಯ್ತು, ಬೇರೆ ದಾರಿ ಇರಲಿಲ್ಲ. ಇವರೆಲ್ಲ ಒಂದು ರಾತ್ರಿ ಮಲಗಿ ಎದ್ದು ಹೋಗೋ ಜನ. ನಡುಗಿದ್ರೆ ಪನಿ ಜಾಸ್ತಿ ಅಂತಾರೆ, ಮೆತ್ತೆ ಸರಿಯಿಲ್ಲ ಅನ್ನಲ್ಲ."

ಸುಂದರಮ್ಮ ಲೋಟ ಕೆಳಗಿಟ್ಟರು.

"ಮೆತ್ತೆ ಸರಿಯಿಲ್ಲ ಅಂತಲೇ ಅಂತೀವಪ್ಪ," ಅಂದರು, ಅಚ್ಚ ಕನ್ನಡದಲ್ಲಿ. "ನಮ್ಮ ಮನೇಲೂ ಮೂರು ತಲೆಮಾರಿಂದ ಕನ್ನಡವೇ ಆಡೋದು."

ಸೆಂದಿಲ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ಬಡ್ಡೀಮಗ, ಕೊಯಮತ್ತೂರಿನಲ್ಲಿ ಕನ್ನಡ ಆಡುವವರು ತಾವೊಬ್ಬರೇ ಅಂದುಕೊಂಡಿದ್ದ. ಪುರಂದರ ಅವರಿಗೆ ನಗು ಬಂತು, ಹೆಂಡತಿಯ ಮುಖ ನೋಡಿ ನುಂಗಿಕೊಂಡರು. ಸುಂದರಮ್ಮ ಅವನನ್ನು ಬಿಟ್ಟು ಕುಪ್ಪಮ್ಮನ ಕಡೆ ತಿರುಗಿ, ಮಕ್ಕಳನ್ನು ಕೇಳುವ ಹಾಗೆ ನಿಧಾನವಾಗಿ ಕೇಳಿದರು. "ನೀವು ಹೇಳಿ ತಾಯಿ. ಈ ದಾರ ನೀವು ಕಟ್ಟಿದ್ದಾ?"

ಅಲ್ಲ ಅಂತ ಹೇಳಲು ಕುಪ್ಪಮ್ಮ ಬಾಯಿ ತೆರೆದಳು. ಯಾವನೋ ಅಂಗಡಿಯವನ ಕೈಲಿ ಕಟ್ಟಿಸಿದ್ದು, ನೋಡಿ, ಗಂಟೇ ಬೇರೆ ಅಂತ ತೋರಿಸಲು ಮೂಲೆಯನ್ನು ಹಿಡಿದಳು. ಹೆಬ್ಬೆರಳು ದಾರದ ಮೇಲೆ ಹರಿಯಿತು. ಮೂರು ಸುತ್ತು. ಒಳಗಿನಿಂದ ಒಂದು ಗಂಟು. ಎಡಕ್ಕೆ ತಿರುಗಿದ್ದು.

ಇನ್ನೊಮ್ಮೆ ಮುಟ್ಟಿ ನೋಡಿದಳು. ಹದಿನೈದು ವರ್ಷದಿಂದ ದಿನಾ ರಾತ್ರಿ ಕೈಗೆ ಸಿಗುವ ಗಂಟು ಅದು, ಕಣ್ಣು ಬೇಕಾಗಿಲ್ಲ. ಪಕ್ಕದ ಮೆತ್ತೆಯ ಮೂಲೆಯೂ ಹಾಗೇ. ಅಯ್ಯೋ ಶಿವನೇ, ಅಂದಳು ಒಳಗೊಳಗೇ. ಸೆಂದಿಲ್ ಮಾಡುವವನೇ ಅಂತ ಮನಸ್ಸಿನ ಯಾವುದೋ ಮೂಲೆಯಲ್ಲಿ ಮೊದಲಿಂದಲೂ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಹೌದು, ನಾನೇ ಕಟ್ಟಿದ್ದು ಅಂದುಬಿಟ್ಟರೆ ಮಗಳು ಉಳಿಯುತ್ತಾಳೆ. ಅಲ್ಲ ಅಂದರೆ, ಮತ್ತೆ ಯಾರು ಅಂತ ಕೇಳುತ್ತಾರೆ. ಸುಂದರಮ್ಮ ಕಾಯುತ್ತಿದ್ದರು, ಕೈ ಮಂಡಿಯ ಮೇಲಿತ್ತು.

"ನಾನು ಕಟ್ಟಿದ್ದಲ್ಲಮ್ಮ," ಅಂದಳು. "ನನ್ನ ಮನೆಯದೇ. ನಾನು ಕಟ್ಟಿದ್ದಲ್ಲ."

ತಮ್ಮನನ್ನು ಅಡುಗೆ ಶೆಡ್ಡಿನ ಹಿಂದೆ ಎಳೆದುಕೊಂಡು ಹೋಗಿ ಒಂದೇ ಮಾತು ಕೇಳಿದಳು. "ಇಲಕ್ಕಿಯಾ ಯಾವಾಗ ಬಂದಿದ್ಲು?"

ಸೆಂದಿಲ್ ಟೀ ಗಿಡ ನೋಡುತ್ತಾ ನಿಂತ. "ಕಾರ್ತಿಗೈ ದೀಪ ಆದ ಮೇಲೆ, ಒಂದು ಭಾನುವಾರ. ಮೆತ್ತೆ ಹೊಲಿಸಿದ ಪೊಳ್ಳಾಚಿ ಅಂಗಡಿಗೆ ಬಂದು ಕಟ್ಟಿಕೊಟ್ಟಳು. ನಾನು ಬಲವಂತ ಮಾಡಲಿಲ್ಲ ಅಕ್ಕ, ಅಪ್ಪನಾಣೆ. ಅವಳೇ ಫೋನ್ ಮಾಡಿದ್ದು. 'ಅಮ್ಮನ ಕೈಲಿ ಆಗಲ್ಲ ಮಾಮ, ಗಂಟು ನನಗೂ ಬರುತ್ತೆ' ಅಂದಳು."

ಆ ಭಾನುವಾರ ಕುಪ್ಪಮ್ಮನಿಗೆ ನೆನಪಿತ್ತು. ಶಿಪ್‌ಮೆಂಟ್ ಇದೆ, ಓವರ್‌ಟೈಮ್ ಅಂದಿದ್ದಳು ಮಗಳು. ಪಾಪ, ರಜೆಯ ದಿನವೂ ದುಡಿತ ಅಂತ ಮೊಸರನ್ನ ಕಲಸಿ, ದಾಳಿಂಬೆ ಕಾಳು ಉದುರಿಸಿ ಡಬ್ಬಿ ಕಟ್ಟಿಕೊಟ್ಟಿದ್ದಳು. ಸಂಜೆ ಡಬ್ಬಿ ಖಾಲಿಯಾಗಿ ಬಂದಿತ್ತು. ಚೆನ್ನಾಗಿತ್ತಮ್ಮ ಅಂದಿದ್ದಳು.

"ಅಪ್ಪನಾಣೆ ಹಾಕಬೇಡ ಇನ್ನು," ಅಂದಳು ತಮ್ಮನಿಗೆ. "ಕತ್ತರಿ ಎಲ್ಲಿದೆ?"

ಬೆಳಕು ಇನ್ನೂ ಎರಡು ಗಂಟೆ ಇತ್ತು. ಅಳಲು ಪುರುಸೊತ್ತಿರಲಿಲ್ಲ; ಅರವತ್ತು ಜನ, ಅದರಲ್ಲಿ ಮಕ್ಕಳು ಮುದುಕರು, ಅವಳ ಮುಖ ನಂಬಿ ಬಂದವರು. ಕುಪ್ಪಮ್ಮ ನೇರ ಬಾಗಿಲಿಗೆ ಹೋಗಿ ಆ ಫ್ಲೆಕ್ಸಿನ ಹಗ್ಗ ಕೊಯ್ದಳು. "ಅಕ್ಕಾ, ನನ್ನ ಮಾನ ಕಳೀಬೇಡ!" ಅಂತ ಸೆಂದಿಲ್ ಓಡಿಬಂದ. "ನಿನ್ನ ಮಾನನ ನನ್ನ ದಾರಕ್ಕೆ ಯಾಕೆ ಗಂಟು ಹಾಕಿದೆ?" ಅಂತ ಅವಳು ಬಗ್ಗಿದವಳು ತಲೆ ಎತ್ತದೆ ಕತ್ತರಿಸತೊಡಗಿದಳು. ಕಣ್ಣು ಒಂದು ತುಂಡಿಗೆ, ಸೆರಗು ಒಂದು ತುಂಡಿಗೆ, 'ಮೊದಲು ಮಲಗಿ ನೋಡಿದ್ದಾರೆ' ಅನ್ನುವುದು ಇನ್ನೊಂದು ತುಂಡಿಗೆ. ಅದು ಸಾಲದೆ ಅಡುಗೆ ಶೆಡ್ಡಿನ ಟಾರ್ಪಾಲನ್ನೂ ಕೊಯ್ದಳು.

ಟೀ ತೋಟಕ್ಕೆ ನೆರಳಾಗಿ ನಿಂತ ಸಿಲ್ವರ್ ಓಕ್ ಮರಗಳ ಕೆಳಗೆ ಮೊಣಕಾಲುದ್ದ ತರಗೆಲೆ. ಮೇಲಿನ ಪದರ ತಳ್ಳಿ ಒಣಗಿದ್ದನ್ನು ಮಾತ್ರ ಗೋಣಿಗೆ, ದಿಂಬಿನ ಚೀಲಕ್ಕೆ, ಸಿಕ್ಕಿದ್ದಕ್ಕೆಲ್ಲ ತುಂಬಿಸಿದಳು. ಬಂದವರೂ ಕೈ ಹಾಕಿದರು, ಪುರಂದರ ಅವರು ಕೋಟು ಬಿಚ್ಚಿಟ್ಟು ಎಲೆ ಹೊತ್ತರು. ಎಲ್ಲಕ್ಕೂ ಕೆಳಗೆ ಫ್ಲೆಕ್ಸು ಇಲ್ಲವೇ ಟಾರ್ಪಾಲು, ಅದರ ಮೇಲೆ ಎಲೆ, ಅದರ ಮೇಲೆ ಆ ಸ್ಪಂಜು. ನಿಜವಾದ ಇಪ್ಪತ್ತಾರು ಮೆತ್ತೆಯನ್ನು ಹುಡುಕಿ ತೆಗೆದು ಮುದುಕರಿಗೆ, ಮಕ್ಕಳಿಗೆ ಹಾಸಿದಳು. ಶರವಣನ್ ನೀರು ಕಾಯಿಸಿ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ ಎಲ್ಲರಿಗೂ ಒಂದೊಂದು ಕೊಟ್ಟ, ತೊಡೆಯ ನಡುವೆ ಇಟ್ಟುಕೊಳ್ಳಲು. ಟೆಂಟಿಂದ ಟೆಂಟಿಗೆ ಹೋಗಿ ಕುಪ್ಪಮ್ಮ ಗದರಿದಳು. "ಹಗಲಿನ ಬಟ್ಟೆ ಬಿಚ್ಚಿ, ಒಣಗಿದ್ದು ಹಾಕಿ. ಮೂಗು ಹೊರಗೆ ಬಿಡಿ. ಜಿಪ್ಪು ಪೂರ್ತಿ ಎಳೀಬೇಡಿ, ನಾಲ್ಕು ಬೆರಳು ಗಾಳಿ ಆಡಲಿ, ಇಲ್ಲಾಂದ್ರೆ ನಿಮ್ಮ ಉಸಿರೇ ನಿಮ್ಮ ಮೇಲೆ ತೊಟ್ಟಿಕ್ಕುತ್ತೆ. ಏ ಹುಡುಗ, ಆ ಕೆಂಡದ ಬಾಣಲೆ ಆಚೆ ಇಡು, ಸಾಯ್ತೀಯ!" ಕಡಲೆಕಾಯಿ ಬೆಲ್ಲ ತಿನ್ನದವರನ್ನು ಮಲಗಲು ಬಿಡಲಿಲ್ಲ.

ಸುಂದರಮ್ಮ ತಮ್ಮ ಟೆಂಟಿನಲ್ಲೇ ಮಲಗಲು ಕರೆದರು. ಬೇಡ ಅಂದಳು. ಸಾಮಾನು ಇಡುವ ಗುಡಾರದಲ್ಲಿ, ಮಿಕ್ಕಿದ್ದ ಒಂದು ಸ್ಪಂಜಿನ ಮೆತ್ತೆಯನ್ನು ಬರಿ ನೆಲಕ್ಕೆ ಹಾಸಿಕೊಂಡು, ಎಲೆ ಇಲ್ಲದೆ, ಒಬ್ಬಳೇ ಮಲಗಿದಳು. ದಾರ ಕಟ್ಟಿದ ಮೆತ್ತೆಯ ಮೇಲೆ ತನ್ನ ಮನೆಯವರು ಯಾರಾದರೂ ಒಂದು ರಾತ್ರಿ ಮಲಗಿರಲೇಬೇಕು. ಚಳಿ ಮೊದಲು ಸೊಂಟಕ್ಕೆ ಬಂತು, ಆಮೇಲೆ ಬೆನ್ನಿಗೆ, ಆಮೇಲೆ ಹಲ್ಲಿಗೆ. ಮಗಳು ಆ ಭಾನುವಾರ ಎಡಗೈಯಲ್ಲಿ ಒಂದಾದ ಮೇಲೊಂದು ದಾರ ಸುತ್ತುತ್ತಾ, ನಡುವೆ ಕೈ ತೊಳೆದು ತನ್ನ ಮೊಸರನ್ನ ತಿಂದು, ಮತ್ತೆ ಕೂತು ಸುತ್ತಿದ್ದು ಕಣ್ಣಿಗೆ ಕಟ್ಟಿತು. ಆಗ ಅತ್ತಳು.

ಬೆಳಗ್ಗೆ ಎಲ್ಲರೂ ಎದ್ದು ಬಂದರು, ಯಾರೂ ನಡುಗಿರಲಿಲ್ಲ. ಹುಲ್ಲಿನ ಬಿಳುಪಿನ ಮುಂದೆ ಫೋಟೋ ಹೊಡೆಸಿಕೊಂಡರು. ಸುಂದರಮ್ಮ ಕಾರು ಹತ್ತುವ ಮುಂಚೆ ಅವಳ ತಣ್ಣನೆ ಕೈ ಹಿಡಿದು, "ನಮ್ಮನ್ನ ಬೆಚ್ಚಗಿಟ್ಟಿರಿ ತಾಯಿ, ಮರೆಯಲ್ಲ," ಅಂದರು. ಆಮೇಲೆ, "ಆದರೆ ಇನ್ನೊಂದು ಸಲ ಆ ದಾರ ನೋಡಿದ್ರೆ ಯಾವುದು ನಿಜ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಅವಿನಾಶಿಗೆ ಬಂದಿಳಿದಾಗ ಸಂಜೆ. ಮನೆ ಮುಂದೆ ಪೊಂಗಲ್ ಕೋಲ, ಅದೇ ನಿಮ್ಮ ರಂಗೋಲಿ, ಬಿಡಿಸಿಟ್ಟಿದ್ದಳು ಇಲಕ್ಕಿಯಾ. ಮಾಮ ಫೋನ್ ಮಾಡಿದ್ದ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅಮ್ಮ ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು.

"ನಿನಗೋಸ್ಕರವೇ ಅಮ್ಮ. ನಿನ್ನ ಬೆನ್ನು ನೋಡಿದ್ಯಾ ನೀನು? ಅರವತ್ತು ರಾತ್ರಿ ಒದ್ದೆ ನೆಲದ ಮೇಲೆ ಮಲಗಿಸಬೇಕಿತ್ತಾ ನಾನು? ಮಾಮನ ಕ್ಯಾಂಪೂ ಉಳೀಬೇಕು. ಹೇಳಿದ್ರೆ ಬೇಡ ಅಂತೀಯ ಅಂತ ಹೇಳಲಿಲ್ಲ. ಒಂದು ದಾರ ತಾನೇ ಅಮ್ಮ? ಬರೀ ದಾರ."

"ಮಲಗಿ ನೋಡಿದ್ಯಾ?"

ಇಲಕ್ಕಿಯಾ ಕೈಗೆ ಅಂಟಿದ್ದ ಕೋಲದ ಹಿಟ್ಟು ಒರೆಸಿಕೊಂಡಳು.

"ಒಂದರ ಮೇಲಾದ್ರೂ?"

ಮಗಳು ತಲೆ ಅಲ್ಲಾಡಿಸಿದಳು. ಕುಪ್ಪಮ್ಮ ಬೈಯಲಿಲ್ಲ. ಒಳಗೆ ಹೋಗಿ ಕೋಣೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ತನ್ನ ಮೆತ್ತೆಯನ್ನು ನಡುಮನೆಗೆ ತಂದು ಬಿಚ್ಚಿದಳು. ಮೂಲೆಯಲ್ಲಿ ಬಣ್ಣ ಮಾಸಿದ ದಾರ, ಒಂಬತ್ತು ವರ್ಷದ ಹುಡುಗಿ ಕಟ್ಟಿದ್ದು. ಉಗುರು ಹಾಕಿ ಬಿಚ್ಚಲು ನೋಡಿದಳು. ಎಡಗೈ ಗಂಟು, ಅವಳ ಬಲಗೈಗೆ ಅದರ ದಾರಿ ಸಿಗಲಿಲ್ಲ. ಎದ್ದು ಮಿಷನ್ ಮೇಲಿನ ಕತ್ತರಿ ತಂದಳು.

"ಅದು ಬೇಡಮ್ಮಾ!" ಇಲಕ್ಕಿಯಾ ಬಂದು ಕೈ ಹಿಡಿದುಕೊಂಡಳು. ಈಗ ಅವಳಿಗೂ ಅಳು. "ಅದು ಬೇರೆ. ಅವತ್ತು ನಾನು ಮಲಗಿದ್ದೆ. ರಾತ್ರಿಯೆಲ್ಲಾ ಮಲಗಿದ್ದೆ, ನೆಗಡಿ ಹಿಡಿದಿತ್ತು, ನಿನಗೇ ಗೊತ್ತಲ್ಲ. ಅದು ನಿಜದ್ದು."

"ಎರಡೂ ಒಂದೇ ಗಂಟು, ಕಣ್ಣು," ಅಂದಳು ಕುಪ್ಪಮ್ಮ. "ಯಾವುದು ನಿಜದ್ದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಮಗಳ ಕೈ ಸಡಿಲವಾಯಿತು. ಕುಪ್ಪಮ್ಮ ದಾರವನ್ನು ಕತ್ತರಿಸಿ, ಮೆತ್ತೆಯನ್ನು ಮತ್ತೆ ಸುತ್ತಿ ಮೂಲೆಗೆ ಇಟ್ಟಳು. ಈಗಲೂ ಹೊಲಿಯುತ್ತಾಳೆ, ಈಗಲೂ ಮಹಡಿಗೆ ನೀರು ಸುರಿದು ಮಲಗುತ್ತಾಳೆ. ದಾರ ಮಾತ್ರ ಕಟ್ಟುವುದಿಲ್ಲ.